ಹಾಸಿಗೆ ಅಂಗಡಿಗೆ ಪ್ರದಕ್ಷಿಣೆ

ಫ್ರೆಂಡ್ಸ್, ಮ್ಯಾಂಚೆಸ್ಟರಿನಲ್ಲಿ ಇವತ್ತು ನೋಡಿದ ಹಾಸಿಗೆ ಅಂಗಡಿ ಎಪ್ಪತ್ತರ ದಶಕದಲ್ಲಿ ರಾಕ್ ಕ್ಲಬ್ ಆಗಿತ್ತಂತೆ. ಇಂಥ ಹಳೆಯ ಸಂಗೀತದ ಜಾಗಗಳನ್ನು ತೋರಿಸುವ ಟೂರಿಗೆ ಕ್ಲಾಸ್‌ಮೇಟುಗಳು ಮೊದಲ ಸಲ ನನ್ನನ್ನೂ ಕರೆದಿದ್ದರು. ಇವತ್ತೂ ವಿಚಿತ್ರವಾಗಿ ಆಡಿದರೆ ಕೋರ್ಸ್ ಮುಗಿಯುವವರೆಗೆ ಒಬ್ಬಳೇ ಊಟ ಮಾಡಬೇಕಲ್ಲ ಎಂಬ ಭಯ ನನಗೆ.

ಮುದುಕ ಗೈಡ್ ಕಟ್ಟಡವನ್ನು ಅಪ್ರದಕ್ಷಿಣೆಯಾಗಿ ಸುತ್ತಲು ಹೊರಟ. ಎಲ್ಲರೂ ಅವನ ಹಿಂದೆ. ಬೇಲೂರಿನ ದೇವಸ್ಥಾನ ಸುತ್ತಿ ಬೆಳೆದ ನನ್ನ ಕಾಲು ಮಾತ್ರ ಕೇಳಲಿಲ್ಲ, ತಾನಾಗಿ ಇನ್ನೊಂದು ದಿಕ್ಕಿಗೆ ನಡೆಯಿತು. ಹಿಂಭಾಗದಲ್ಲಿ ಅವರಿಗೇ ಎದುರಾದೆ.

“ಎಲ್ಲಿಗೆ ಹೊರಟೆ?” ಒಬ್ಬಳು ನಕ್ಕಳು.

“ನಮ್ಮೂರಲ್ಲಿ ಹೀಗೇ ಸುತ್ತೋದು” ಎಂದು ತೊದಲಿದೆ.

ಮುದುಕನ ಕಣ್ಣು ಅರಳಿತು. “ಕ್ಲಬ್ ಇದ್ದಾಗ ಟಿಕೆಟ್ ಕ್ಯೂ ಕೂಡ ಹೀಗೇ ಸುತ್ತುತ್ತಿತ್ತು! ಎಲ್ಲರೂ ತಿರುಗಿ, ಇವಳ ಹಿಂದೆ ನಡೆಯಿರಿ.”

ಅಷ್ಟೂ ಜನ ಭಕ್ತಿಯಿಂದ ನನ್ನ ಹಿಂದೆ ಬಂದರು.

ಬೇಲೂರಿನಿಂದ ಅಮ್ಮನ ಫೋನ್. ಕ್ಲಾಸಿನವರಿಂದ ಪ್ರದಕ್ಷಿಣೆ ಹಾಕಿಸಿದೆ ಎಂದೆ.

“ಯಾವ ದೇವ್ರಿಗೆ ಕಣೇ?”

“ಹಾಸಿಗೆ ಅಂಗಡಿಗೆ ಅಮ್ಮಾ.”

“ಇರ್ಲಿ ಬಿಡು, ಸರಿಯಾಗಿ ಸುತ್ತಿದ್ಯಲ್ಲ.”

ನಾಳೆ ಊಟಕ್ಕೆ ಕ್ಲಾಸ್‌ಮೇಟುಗಳೇ ಕರೆದಿದ್ದಾರೆ. ಯಾವ ದೇವರ ಕೃಪೆಯೋ, ಅದೊಂದು ಮಾತ್ರ ತಿಳಿಯಲಿಲ್ಲ.