ಹೊಲಿದ ಜೇಬುಗಳು

ಓದಿದವರನ್ನು ಕಂಡರೆ ಇಟಲಿಯ ಪ್ರಾತೊ ಊರಿನಲ್ಲಿ ಹಳೆಯ ಬಟ್ಟೆ ಬೇರ್ಪಡಿಸುವ ಚಿಂದಿ ಹೆಂಗಸರಿಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಅವರ ನಡುವೆಯೇ ಬೆಳೆದ ದಿಯನೋರಾ, ಫ್ಲಾರೆನ್ಸಿನಲ್ಲಿ ಪರಿಸರ ವಿಜ್ಞಾನ ಓದಿ, ಪದವಿಯ ದಿನ ತೊಡಿಸುವ ಲಾರೆಲ್ ಎಲೆಯ ಕಿರೀಟ ತಲೆಗೆ ಇಟ್ಟುಕೊಂಡು ಮನೆಗೆ ಬಂದ ದಿನ ಅವರೆಲ್ಲ ಸೇರಿ ಅವಳಿಗೆ 'ಡಾಕ್ಟರಮ್ಮ' ಎಂದು ಹೆಸರಿಟ್ಟರು. ಪದವಿ ಪಡೆದವರನ್ನೆಲ್ಲ ಆ ಸೀಮೆಯಲ್ಲಿ ಹಾಗೆಯೇ ಕರೆಯುವುದು. ಆದರೆ ಈ ಹೆಂಗಸರ ಬಾಯಲ್ಲಿ ಬಂದಾಗ ಅದು ಕೀಟಲೆಯೇ.

ಕೀಟಲೆಗೆ ಕಾರಣವೂ ಇತ್ತೆನ್ನಿ. ಹುಡುಗಿ ಹೊಸ ಬಟ್ಟೆ ಕೊಳ್ಳುತ್ತಿರಲಿಲ್ಲ, ಮಾಂಸ ಮುಟ್ಟುತ್ತಿರಲಿಲ್ಲ. ಗೆಳತಿಯರೆಲ್ಲ ವಿಮಾನ ಹತ್ತಿ ಲಿಸ್ಬನ್ನಿಗೆ ಹೋದರೆ ಇವಳು ರೈಲಿನಲ್ಲಿ ಪಕ್ಕದ ಪಿಸ್ತೋಯಾಕ್ಕೆ ಹೋಗಿ ಬರುತ್ತಿದ್ದಳು. ಚಾಕಲೇಟ್ ಕೊಟ್ಟರೆ ತಿನ್ನುವ ಮೊದಲು ಹಾಳೆ ತಿರುಗಿಸಿ ಕೋಕೋ ಬೆಳೆದವರು ಯಾರು ಎಂದು ಹುಡುಕುವಳು. ತಾಯಿ ತೀರಿಕೊಂಡ ಮೇಲೆ ಅವಳನ್ನು ಸಾಕಿದವಳು ಅಪ್ಪನ ಅಕ್ಕ ಲೋರಿಯಾನಾ. ಒಣಗಿದ ಬ್ರೆಡ್ಡನ್ನು ಎಸೆಯದೆ ಬೀನ್ಸ್ ಕಾಳು, ಎಲೆಕೋಸಿನ ಜೊತೆ ಬೇಯಿಸಿ ಮೂರು ದಿನ ಉಣ್ಣುವ ಹೆಂಗಸು, ಹರಿದ ಕಾಲುಚೀಲಕ್ಕೆ ಸೂಜಿ ಹಾಕದೆ ಮಲಗಿದವಳಲ್ಲ. ಅವಳು ಹೇಳುತ್ತಿದ್ದಳು: "ಐವತ್ತೆಂಟು ವರ್ಷದಿಂದ ನಾನು ಹೀಗೇ ಬದುಕ್ತಿದೀನಿ ಕಣೇ. ಇದಕ್ಕೂ ಒಂದು ಪದವಿ ಕೊಡ್ತಾರೆ ಅಂತ ಗೊತ್ತಿದ್ರೆ ನಾನೂ ತಲೆಗೆ ಎಲೆ ಕಟ್ಕೋತಿದ್ದೆ."

ಲೋರಿಯಾನಾಳ ಕೈಯ ಬಗ್ಗೆ ಎರಡು ಮಾತು ಹೇಳಲೇಬೇಕು. ಯುರೋಪಿನ ಮೂಲೆಮೂಲೆಯಿಂದ ಹಳೆಯ ಉಣ್ಣೆ ಬಟ್ಟೆ ಊರಿನ ಕಾರ್ಖಾನೆಗಳಿಗೆ ಮೂಟೆಮೂಟೆಯಾಗಿ ಬರುತ್ತಿತ್ತು. ಹೆಂಗಸರು ಅದನ್ನು ಬಣ್ಣ ನೋಡಿ, ಮುಟ್ಟಿ ಬೇರೆ ಮಾಡುತ್ತಿದ್ದರು. ಆಮೇಲೆ ಯಂತ್ರ ಅದನ್ನು ಸಿಗಿದು ಮತ್ತೆ ಉಣ್ಣೆ ಮಾಡುತ್ತಿತ್ತು. ಬೆರಳು ಆಡಿಸಿದರೆ ಸಾಕು, ಇದು ಕುರಿಯದ್ದು, ಇದು ಮೇಕೆಯದ್ದು, ಇದರಲ್ಲಿ ನೈಲಾನ್ ಕಲಬೆರಕೆ ಇದೆ ಎಂದು ಲೋರಿಯಾನಾ ಹೇಳಿಬಿಡುವಳು. ಮೂವತ್ತೆಂಟು ವರ್ಷದಲ್ಲಿ ಒಂದೇ ಒಂದು ಬಟ್ಟೆಯನ್ನು ತಪ್ಪಾಗಿ ಹೆಸರಿಸಿದವಳಲ್ಲ. ಊರಲ್ಲಿ ಅವಳಿಗೆ ಇದ್ದ ಮರ್ಯಾದೆಯೆಲ್ಲ ಅದೊಂದರಿಂದಲೇ.

ಆ ಕೆಲಸದಲ್ಲಿ ಒಂದು ವಾಡಿಕೆ ಇತ್ತು. ಕೋಟು ಕೈಗೆ ಬಂದೊಡನೆ ಮೊದಲು ಜೇಬಿಗೆ ಕೈ ಹಾಕಬೇಕು. ಸಿಕ್ಕಿದ್ದನ್ನು, ಬಸ್ಸಿನ ಚೀಟಿಯೋ ಸಂತರ ಪಟವೋ ಯಾರದೋ ಪ್ರೇಮಪತ್ರವೋ, ಗೋಡೆಯ ಹಲಗೆಗೆ ಚುಚ್ಚಬೇಕು. ಸೋಮವಾರ ಕಾಫಿ ಕುಡಿಯುತ್ತ ಎಲ್ಲರೂ ಅದನ್ನು ಓದಿ ನಗುತ್ತಿದ್ದರು, ಒಮ್ಮೊಮ್ಮೆ ಅಳುತ್ತಿದ್ದರು. ದಿಯನೋರಾ ಓದಲು ಕಲಿತದ್ದೇ ಆ ಹಲಗೆಯ ಕಾಗದಗಳನ್ನು ನೋಡಿ.

ಅತ್ತೆ ದುಡಿಯುತ್ತಿದ್ದ ಕಾರ್ಖಾನೆಯ ಮಾಲೀಕ ಅಲ್ವಾರೊ ಪೆಕ್ಕೋರಿ ಹುಡುಗಿಗೆ ಕೆಲಸ ಕೊಟ್ಟ. ಕೋಟು ಮಾರುವ ದೊಡ್ಡದೊಂದು ಅಂಗಡಿಯವರು ಅವನಿಂದ ಕಂಬಳಿ ಕೊಳ್ಳುತ್ತಿದ್ದರು. ಪ್ರತಿ ಕಂಬಳಿಗೂ ಒಂದು ತಪಾಸಣಾ ಸಂಸ್ಥೆ ಕೊಡುವ, 'ಜನ ತೊಟ್ಟು ಬಿಟ್ಟ ಬಟ್ಟೆಯಿಂದ ಮಾಡಿದ್ದು' ಎಂಬ ಚೀಟಿ ಬೇಕಿತ್ತು. ಅದು ನಿಜವೆಂದು ಕಾರ್ಖಾನೆಯ ಪದವೀಧರರೊಬ್ಬರು ಸಹಿ ಹಾಕಬೇಕಿತ್ತು. ದಿಯನೋರಾಗೆ ಸ್ವರ್ಗ ಮೂರೇ ಗೇಣು. ಮೇಲಿನ ಮಹಡಿಯಲ್ಲಿ ಮೇಜು, ಕಿಟಕಿ, ಕಂಪ್ಯೂಟರು. ಲಾರಿಯ ಕಾಗದ ನೋಡಿದಳು, ತೂಕದ ಚೀಟಿ ನೋಡಿದಳು, ಎರಡು ತಿಂಗಳು ಸಹಿ ಹಾಕಿದಳು. ಚಿಂದಿಯ ರಾಶಿಯ ಮೇಲೆ ನಿದ್ದೆ ಮಾಡಿ ಬೆಳೆದ ಹುಡುಗಿ, ಮೆಟ್ಟಿಲಿಳಿದು ಒಂದೇ ಒಂದು ಜೇಬಿಗೆ ಕೈ ಹಾಕಲಿಲ್ಲ! ನೆನೆಸಿಕೊಂಡರೆ ಇವತ್ತಿಗೂ ಮೈ ಉರಿಯುತ್ತದೆ.

ಒಂದು ಸೋಮವಾರ ಮೇಲಿನ ಕಾಫಿ ಯಂತ್ರ ಕೆಟ್ಟಿತೆಂದು ಕೆಳಗೆ ಬಂದಳು. ಹಲಗೆಯ ಮೇಲೆ ಹೊಸದೇನೂ ಇರಲಿಲ್ಲ. ಹೆಂಗಸರು ಹಲಗೆಗೆ ಬೆನ್ನು ಹಾಕಿ ಕಾಫಿ ಕುಡಿಯುತ್ತಿದ್ದರು. ದಿಯನೋರಾ ರಾಶಿಯಿಂದ ಒಂದು ನೀಲಿ ಕೋಟು ಎಳೆದಳು. ಜೇಬಿನ ಬಾಯಿ ದಾರದಿಂದ ಹೊಲಿದಿತ್ತು, ಅಂಗಡಿಯಿಂದ ತಂದ ಹೊಸ ಕೋಟಿನ ಜೇಬು ಹೊಲಿದಿರುತ್ತದಲ್ಲ, ಹಾಗೆ. ಇನ್ನೊಂದು ಎಳೆದಳು, ಮತ್ತೊಂದು ಎಳೆದಳು. ಒಂದರ ಮೊಣಕೈಯೂ ಸವೆದಿರಲಿಲ್ಲ, ಒಂದಕ್ಕೂ ಬೆವರಿನ ವಾಸನೆ ಇರಲಿಲ್ಲ. ಕೊರಳಪಟ್ಟಿಯ ಹೆಸರನ್ನು ಮಾತ್ರ ಕತ್ತರಿಸಿ ತೆಗೆದಿದ್ದರು. ಲಾರಿಯ ಕಾಗದದಲ್ಲಿ ಕಂಡಿದ್ದ ಗೋದಾಮಿನ ವಿಳಾಸ ಈಗ ಅವಳಿಗೆ ಅರ್ಥವಾಯಿತು: ಆ ದೊಡ್ಡ ಅಂಗಡಿಯವರು ಮಾರಾಟವಾಗದ ತಮ್ಮ ಹೊಚ್ಚ ಹೊಸ ಕೋಟುಗಳನ್ನೇ ಕಳಿಸಿ, ಚಿಂದಿ ಮಾಡಿಸಿ, ಕಂಬಳಿ ಮಾಡಿಸಿ, ಪುಣ್ಯದ ಚೀಟಿ ಅಂಟಿಸಿಕೊಂಡು ಮತ್ತೆ ಮಾರುತ್ತಿದ್ದರು. ಆ ಪುಣ್ಯಕ್ಕೆ ಸಹಿ ದಿಯನೋರಾಳದು.

ಪಿತ್ತ ನೆತ್ತಿಗೇರಿ ಅವಳು ಅತ್ತೆಯ ಕಡೆ ತಿರುಗಿ, ಗೊತ್ತಿದ್ದೂ ಯಾಕೆ ಹೇಳಲಿಲ್ಲ ಎಂದು ಕೇಳಿದಳು.

"ನಿಂಗೆ ಗೊತ್ತಿದೆ ಅಂದ್ಕೊಂಡಿದ್ದೆ," ಎಂದಳು ಲೋರಿಯಾನಾ. "ಗೊತ್ತಿದ್ದೇ ಸಹಿ ಹಾಕ್ತಿದೀಯ ಅಂತ. ನಮ್ಮ ಹೊಟ್ಟೆಪಾಡಿಗೋಸ್ಕರ."

ಕಪಾಳಕ್ಕೆ ಬಾರಿಸಿದ್ದರೂ ಅಷ್ಟು ನೋಯುತ್ತಿರಲಿಲ್ಲ. ದಿಯನೋರಾ ನೀಲಿ ಕೋಟು ಹಿಡಿದು ನೇರ ಪೆಕ್ಕೋರಿಯ ಕೋಣೆಗೆ ನುಗ್ಗಿದಳು. ಅವನ ಮಾತು ಯಾವಾಗಲೂ ಬೆಣ್ಣೆ ಸವರಿದ ಹಾಗೆ. ಕೂರಿಸಿದ, ನೀರು ಕೊಟ್ಟ, ಅರೆದ ಮೇಲೆ ಹಳೆಯದೇನು ಹೊಸದೇನು, ಎಲ್ಲಾ ಉಣ್ಣೆ ತಾನೇ ಎಂದ. ಹಾಗಾದರೆ ಚೀಟಿಯ ಮೇಲೆ ಹೊಸ ಕೋಟು ಹರಿದು ಮಾಡಿದ್ದು ಎಂದೇ ಬರೆಯಿರಿ ಎಂದಳು ಇವಳು. ಆಗ ಬೆಣ್ಣೆ ಕರಗಿತು.

"ನೋಡು ಡಾಕ್ಟರಮ್ಮ, ಈ ಆರ್ಡರ್ ಹೋದ್ರೆ ಕೆಳಗಿರೋ ಹನ್ನೊಂದು ಜನ ಮನೆಗೆ ಹೋಗ್ತಾರೆ. ನಿನ್ನತ್ತೆ ಮೊದಲು. ನಿನ್ನ ನೀತಿಗೆ ಅವರು ಯಾಕೆ ಉಪವಾಸ ಬೀಳ್ಬೇಕು?"

ಅವಳು ಕೆಲಸಕ್ಕೆ ರಾಜೀನಾಮೆ ಬರೆದು ಮೇಜಿನ ಮೇಲೆ ಕುಕ್ಕಿ ಹೊರಗೆ ಬಂದಳು. ದಾರಿಯುದ್ದಕ್ಕೂ ಕೋಪದ ಜೊತೆಗೆ ಎದೆಯೊಳಗೆ ಒಂದು ಸಣ್ಣ ಜಂಬವಿತ್ತು. ಗೊತ್ತಾದ ಮೇಲೆ ನಾನು ಸುಳ್ಳಿಗೆ ಸಹಿ ಹಾಕಲಿಲ್ಲ, ನನ್ನ ಕೈ ತೊಳೆದುಕೊಂಡೆ ಎಂಬ ಜಂಬ. ಎಡವಿದ್ದು ಅಲ್ಲೇ. ತಾನು ಹಾಕದ ಸಹಿ ಯಾರ ತಲೆಗೆ ಬರುತ್ತದೆ ಎಂದು ಅವಳು ಯೋಚಿಸಲೇ ಇಲ್ಲ.

ಸಹಿ ಹಾಕುವ ಪದವೀಧರೆ ಬಿಟ್ಟುಹೋದಳೆಂದು ತಿಳಿದು ಚೀಟಿ ಕೊಡುವ ಸಂಸ್ಥೆಯವರು, ಹಾಗಾದರೆ ನಾವೇ ಬಂದು ನೋಡುತ್ತೇವೆ ಎಂದು ಗುರುವಾರಕ್ಕೆ ಒಬ್ಬ ತನಿಖೆಯವನನ್ನು ಕಳಿಸಿದರು. ಅದಕ್ಕೂ ಮೊದಲೇ ಪೆಕ್ಕೋರಿ ಹೆಂಗಸರ ಕೈಗೆ ಸಣ್ಣ ಕತ್ತರಿ ಕೊಟ್ಟಿದ್ದ. ಎರಡು ದಿನ ಅವರು ಜೇಬಿನ ಹೊಲಿಗೆ ಬಿಚ್ಚಿದರು, ಕೋಟಿನ ಮೊಣಕೈಯನ್ನು ಇಟ್ಟಿಗೆಯ ಮೇಲೆ ಉಜ್ಜಿದರು. ಯಾರೂ ಯಾರ ಮುಖವನ್ನೂ ನೋಡಲಿಲ್ಲವಂತೆ.

ಗುರುವಾರ ಸಂಜೆ ಲೋರಿಯಾನಾ ಮನೆಗೆ ಬಂದು ಕೋಟು ಕಳಚದೆ ಅಡುಗೆಮನೆಯ ಕುರ್ಚಿಯಲ್ಲಿ ಕೂತಳು. ದಿಯನೋರಾ ಸೂಪು ಬಡಿಸಿದಳು. ಅತ್ತೆ ತಟ್ಟೆ ಸರಿಸಿದಳು.

ನಡೆದದ್ದನ್ನು ಅವಳು ಒಂದೊಂದೇ ತುತ್ತಿನಂತೆ ಹೇಳಿದಳು. ಬಂದ ಮನುಷ್ಯ ಕಾಗದ ನೋಡಲಿಲ್ಲ, ಮೇಲಕ್ಕೂ ಹೋಗಲಿಲ್ಲ. ಇಲ್ಲಿ ಬಟ್ಟೆ ಬಲ್ಲವರು ಯಾರು ಎಂದು ಕೇಳಿದ. ಎಲ್ಲರೂ ಅವಳತ್ತ ಬೆರಳು ತೋರಿಸಿದರು. ಆತ ಒಂದು ಕೋಟು ಅವಳ ಕೈಗಿಟ್ಟು, ಇದನ್ನು ಯಾರಾದರೂ ತೊಟ್ಟಿದ್ದಾರೆಯೇ ಎಂದ. ಪೆಕ್ಕೋರಿ ಪಕ್ಕದಲ್ಲೇ ನಿಂತಿದ್ದ. ಉಳಿದ ಹತ್ತು ಜನ ಹೆಂಗಸರು ಇವಳನ್ನೇ ನೋಡುತ್ತಿದ್ದರು.

"ತೊಟ್ಟಿದಾರೆ ಅಂದೆ," ಎಂದಳು ಲೋರಿಯಾನಾ. "ನಾಕು ಚಳಿಗಾಲ ತೊಟ್ಟಿದಾರೆ ಅಂದೆ. ಅವನು ನಂಬ್ದ. ನನ್ನ ಕೈ ನೋಡಿ ನಂಬ್ದ."

ದಿಯನೋರಾ ಬಾಯಿ ತೆರೆದಳು. ಅತ್ತೆ ಅವಳಿಗೆ ಮಾತಾಡಲು ಬಿಡಲಿಲ್ಲ.

"ನೀನು ಸಹಿ ಹಾಕಿದ್ರೆ ಅದು ಕಾಗದದ ಮೇಲಿನ ಸುಳ್ಳು. ನೀನು ಎದ್ದುಹೋದೆ, ಶುದ್ಧವಾಗಿ. ಅದೇ ಸುಳ್ಳನ್ನ ನಾನು ಬಾಯಿಂದ ಹೇಳ್ದೆ. ಮೂವತ್ತೆಂಟು ವರ್ಷ ಕಣೇ. ಜಗಳ ಆಡೋದಿದ್ರೆ ಅಲ್ಲೇ ನಿಂತು ಆಡ್ಬೇಕಿತ್ತು. ನಮ್ಮನ್ನೂ ಕೂರಿಸ್ಕೊಂಡು ಆಡ್ಬೇಕಿತ್ತು."

ಅತ್ತೆ ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ದಿಯನೋರಾ ಕೇಳಿಯೇ ಇರಲಿಲ್ಲ. ತಿರುಗಿ ಕೂಗಾಡಬೇಕೆನಿಸಿತು, ಪೆಕ್ಕೋರಿಯನ್ನು ಬೈಯಬೇಕೆನಿಸಿತು, ಆ ಅಂಗಡಿಯ ಗಾಜು ಒಡೆಯಬೇಕೆನಿಸಿತು. ಯಾವುದನ್ನೂ ಮಾಡದೆ ಕಾಗದ ತಂದು ಆ ಸಂಸ್ಥೆಗೆ ದೂರು ಬರೆಯಲು ಕೂತಳು. ತಾನು ನೋಡದೆ ಹಾಕಿದ ಸಹಿಗಳನ್ನು ಮೊದಲು ಬರೆದಳು. ಆಮೇಲೆ ಬಂದ ಮೂಟೆಗಳನ್ನು, ಪೆಕ್ಕೋರಿಯ ಹೆಸರನ್ನು, ಕತ್ತರಿಗಳನ್ನು ಬರೆದಳು. ಗುರುವಾರಕ್ಕೆ ಬಂದಾಗ, ತನಿಖೆಯವನಿಗೆ ಸುಳ್ಳು ಹೇಳಿದವರ ಹೆಸರಿನ ಜಾಗದಲ್ಲಿ 'ಅಲ್ಲಿನ ಒಬ್ಬ ಕೆಲಸಗಾರ್ತಿ' ಎಂದು ಬರೆದು ಪೆನ್ನು ನಿಲ್ಲಿಸಿದಳು.

ಲೋರಿಯಾನಾ ಎದುರಿನಿಂದ ತಲೆಕೆಳಗಾಗಿಯೇ ಅದನ್ನು ಓದಿದಳು. ಈ ಕಾಗದ ಹೋದರೆ ಸೋಮವಾರದಿಂದ ತನಗೆ ಕೆಲಸವಿಲ್ಲ, ಬಟ್ಟೆಯ ವಿಷಯದಲ್ಲಿ ಈ ಊರಿನಲ್ಲಿ ಯಾರೂ ಇನ್ನು ತನ್ನ ಮಾತು ನಂಬುವುದಿಲ್ಲ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

"ಒಬ್ಬ ಕೆಲಸಗಾರ್ತಿ ಅಂದ್ರೆ ಹನ್ನೊಂದು ಜನರ ಮೇಲೂ ಅನುಮಾನ," ಎಂದಳು.

ಹುಡುಗಿಯ ಕೈಯಿಂದ ಪೆನ್ನು ಕಿತ್ತುಕೊಂಡು, ಆ ಮೂರು ಪದಗಳ ಮೇಲೆ ಗೀಟೆಳೆದು, ದಪ್ಪ ಅಕ್ಷರದಲ್ಲಿ ತನ್ನ ಪೂರ್ತಿ ಹೆಸರು ಬರೆದಳು.