ಮಗರಪಟ್ಟಾ ಮನೆಯ ಸೈರನ್

ಮಗರಪಟ್ಟಾದ ಫ್ಲ್ಯಾಟಿಗೆ ಬಂದ ವರ್ಷವೇ ಎದುರಿನ ಕಟ್ಟಡದಲ್ಲಿ ಕಳ್ಳತನವಾಯಿತು. ನನ್ನ ಗಂಡ ಕೂಡಲೇ ಮನೆಗೆ ಅಲಾರಂ ಹಾಕಿಸಿದರು. ಬಾಗಿಲುಗಳಿಗೆ ಸೆನ್ಸರ್, ಪಡಸಾಲೆಯ ಗೋಡೆಗೆ ಸೈರನ್. ಅಷ್ಟಕ್ಕೆ ಅವರಿಗೆ ಸಮಾಧಾನವಾಗಲಿಲ್ಲ. ರವಿವಾರವೆಲ್ಲ ಕುಳಿತು ಅದರ ಡಬ್ಬಿಯಿಂದ ಕಂಪ್ಯೂಟರಿಗೆ ವೈರ್ ಎಳೆದರು. ಅಲ್ಲಿಂದ ಮುಂದೆ ಕಂಪ್ಯೂಟರ್ ಇಡೀ ದಿನ ಇಂಟರ್‌ನೆಟ್ ಹಾಕಿಕೊಂಡೇ ಇರುತ್ತಿತ್ತು.

"ಇನ್ನ ಪಿಂಪ್ರಿ ಆಫೀಸಿನ್ಯಾಗ ಕೂತು ಮನಿ ಕಾಯತೀನಿ, ಅವ್ವಾ," ಎಂದು ತಾಯಿಗೆ ಹೇಳಿದರು. ಧಾರವಾಡದಿಂದ ಬಂದು ನಮ್ಮ ಜೊತೆಗೇ ಇದ್ದ ಅತ್ತೆ ಮಗನ ತಲೆ ನೇವರಿಸಿ, "ಭಾಳ ಶಾಣ್ಯಾ ಇದ್ದಿಯಪಾ," ಎಂದರು.

ಕೆಲವು ವಾರ ಎಲ್ಲ ಸರಿಯಿತ್ತು. ಒಂದು ಮಧ್ಯಾಹ್ನ, ಯಾರೂ ಬಾಗಿಲು ಮುಟ್ಟದಿದ್ದರೂ, ಸೈರನ್ ಕೂಗಿಕೊಂಡಿತು. ದಿಕ್ಕು ತೋಚದೆ ನಿಂತಿದ್ದಾಗಲೇ ಗಂಡನ ಫೋನು ಬಂತು.

"ಏನಾತು? ಯಾರರ ಬಂದಾರೇನು?"

"ಯಾರೂ ಇಲ್ರಿ! ಲಗೂನ ಬರ್ರಿ, ಭಾಳ ಅಂಜಿಕಿ ಆಗ್ಲಿಕತ್ತದ!"

ಅವರು ಅಲ್ಲಿಂದಲೇ ಸೈರನ್ ನಿಲ್ಲಿಸಿದರು. ವೈರಿನಲ್ಲಿ ಏನೋ ದೋಷ ಇರಬೇಕು, ನೋಡುತ್ತೇನೆ ಎಂದರು.

ಮುಂದಿನ ವಾರ ಮತ್ತೆ ಕೂಗಿತು. ಅತ್ತೆ ಅದರ ಕೆಳಗೇ ಕುಳಿತು ಹೂಬತ್ತಿ ಹೊಸೆಯುತ್ತಿದ್ದರು. ಏಳಲು ಹೋಗಿ ಏಳಲಾಗದೆ, ಗಡಗಡ ನಡುಗಿ, ಕೂತಲ್ಲೇ ಸೀರೆ ಒದ್ದೆ ಮಾಡಿಕೊಂಡರು. ಅದೇ ಹೊತ್ತಿಗೆ ಬಂದ ಗಂಡನ ಫೋನಿನಲ್ಲಿ ನಾನು ಅದನ್ನೂ ಹೇಳಿಬಿಟ್ಟೆ: "ಅತ್ತಿ ಸೀರಿಯೊಳಗ ಮಾಡಿಕೊಂಡ್ರು. ಮೊದಲ ಇದನ್ನ ಬಂದ್ ಮಾಡ್ರಿ!" ಆಮೇಲೆ ಸೀರೆ ಬದಲಿಸಿಕೊಡುವಾಗ ಅತ್ತೆ ನನ್ನ ಕೈ ಹಿಡಿದು, "ಯಾರ ಮುಂದನೂ ಅನಬ್ಯಾಡವ್ವಾ," ಎಂದರು.

ಆ ಶನಿವಾರ ಗಂಡ ಆಫೀಸಿನ ಇಬ್ಬರು ಗೆಳೆಯರನ್ನು ಊಟಕ್ಕೆ ಕರೆದರು. ಇಬ್ಬರೂ ಮರಾಠಿಯವರು. ಅತ್ತೆ ಬೇಗ ಉಂಡು ಒಳಗೆ ಮಲಗಿದ್ದರು. ನಾನು ಶ್ರೀಖಂಡ ಬಡಿಸುತ್ತಿದ್ದೆ. ಒಬ್ಬ ಬೆರಳು ನೆಕ್ಕುತ್ತಾ, ಹೆಣ್ಣುದನಿ ಮಾಡಿ, "ಲಗೂನ ಬರ್ರಿ! ಲಗೂನ ಬರ್ರಿ!" ಎಂದು ಕಿರುಚಿದ. ಇನ್ನೊಬ್ಬ ನಕ್ಕು ನಕ್ಕು ಕೆಮ್ಮಿದ. ಕನ್ನಡದ ಗಂಧವೇ ಇಲ್ಲದವನಿಗೆ ಆ ಮಾತು ಎಲ್ಲಿಂದ ಬಂತು? ಗಂಡನ ಮುಖ ನೋಡಿದೆ. ಅವರೂ ನಗುತ್ತಿದ್ದರು. ಮೀಸೆಗೆ ಶ್ರೀಖಂಡ ಮೆತ್ತಿತ್ತು.

ಗೆಳೆಯರು ಹೋದ ಮೇಲೆ ಕೇಳಿದೆ. ಅವರೇನೂ ಮುಚ್ಚಿಡಲಿಲ್ಲ. ಆಫೀಸಿನಿಂದ ಸೈರನ್ ಹಾಕಿ, ಫೋನಿನ ಸ್ಪೀಕರ್ ಒತ್ತಿ, ಎಲ್ಲರೂ ಸುತ್ತ ನಿಂತು ನನ್ನ ಗಾಬರಿ ಕೇಳುತ್ತಿದ್ದರಂತೆ.

"ಸುಮ್ನ ಗಮ್ಮತ್ತಿಗೆ. ಹೆಂಗ ಕೆಲಸ ಮಾಡತದ ಅಂತ ತೋರಿಸಿದೆ."

"ಅತ್ತಿದೂ ಕೇಳಿಸಿದ್ರೇನು?"

"ಅವರಿಗೆಲ್ಲಿ ಕನ್ನಡ ತಿಳೀತದ? ಏನಂದ್ಲು ಅಂತ ಕೇಳಿದ್ರು, ನಾನ ಹೇಳಿದೆ."

ಹೆತ್ತ ತಾಯಿಯ ಮಾನವನ್ನು ಮರಾಠಿಗೆ ತಿರುಗಿಸಿ ನಾಲ್ಕು ಜನರನ್ನು ನಗಿಸಿದ ಬಾಯಿ ಅದು. ಅವರು ಉಂಡ ತಟ್ಟೆ ಎತ್ತಲೂ ಹೇಸಿಗೆಯಾಯಿತು.

"ನಾಳೆ ಇದು ಗೋಡಿ ಮ್ಯಾಲಿದ್ರ ಅತ್ತಿಗೆ ಎಲ್ಲಾ ಹೇಳತೀನಿ," ಎಂದೆ. ಆಗ ಮಾತ್ರ ಅವರ ನಗು ನಿಂತಿತು.

ಮರುದಿನ ಬೆಳಿಗ್ಗೆ ಸ್ಟೂಲು ಹತ್ತಿ ತಾವೇ ಎಲ್ಲ ಬಿಚ್ಚಿದರು. ಅತ್ತೆ ನೋಡುತ್ತಾ ಕುಳಿತಿದ್ದವರು ನನ್ನ ಕಡೆ ತಿರುಗಿ, "ನಾ ಅಂಜತೀನಂತ ತಗದಾನ ನೋಡವ್ವಾ. ಎಂಥಾ ಮಗನ್ನ ಹಡದೀನಿ," ಎಂದು ಕಣ್ಣೊರೆಸಿಕೊಂಡರು.

"ನಿನಗಿಂತ ಹೆಚ್ಚಿಂದೇನದವ್ವಾ?" ಎಂದರು ಗಂಡ, ಒಂದಿಷ್ಟೂ ಅಳುಕಿಲ್ಲದೆ.

ನಾನು ಅಡಿಗೆಮನೆಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟೆ. ಮುಂದೆ ಎಷ್ಟೋ ವರ್ಷ ಅವರು ತಾಯಿಯ ಕಾಲು ಮುಟ್ಟಿ ಆಫೀಸಿಗೆ ಹೊರಡುವಾಗ ನಾನು ಆ ಕಡೆ ನೋಡುತ್ತಿರಲಿಲ್ಲ.