ಓಬಮ್ಮ ಕೊಂಡ ಮಹಡಿ

ಓಬಮ್ಮ ಇಂಗ್ಲೆಂಡಿನ ಕೆಲಸ ಮುಗಿಸಿಕೊಂಡು ತರೀಕೆರೆ ಸ್ಟೇಷನ್ನಿನಲ್ಲಿ ಇಳಿದದ್ದು ಎಂಬತ್ತೈದರ ಬೇಸಿಗೆಯಲ್ಲಿ. ಅರವತ್ತು ತುಂಬಿತ್ತು. ಮಂಡಿ ಎರಡೂ ಕೈಕೊಟ್ಟಿದ್ದವು. ಅಜ್ಜಂಪುರದಿಂದ ಬಂದಿದ್ದ ತಮ್ಮ ಗಿರಿಯಪ್ಪ ಅಕ್ಕನ ಪೆಟ್ಟಿಗೆ ಹೊತ್ತುಕೊಂಡ. ಅವನ ಮಗಳು ಕೆಂಚಮ್ಮ ಅತ್ತೆಯ ಕೈ ಹಿಡಿದುಕೊಂಡಳು. ಕೆಂಚಮ್ಮ ತರೀಕೆರೆಯಲ್ಲೇ ಪ್ರೈಮರಿ ಶಾಲೆಯ ಟೀಚರು, ಒಂದು ಸಣ್ಣ ಬಾಡಿಗೆ ಮನೆಯಲ್ಲಿದ್ದಳು.

ಓಬಮ್ಮ ಹುಟ್ಟಿದ್ದು ಪಂಚನಹಳ್ಳಿಯ ಕೇರಿಯಲ್ಲಿ. ಚಿಕ್ಕವಳಿದ್ದಾಗಲೇ ತಾಯಿಯ ಜೊತೆ ಲಿಂಗದಹಳ್ಳಿಯ ಮೇಲಿನ ಬೆಟ್ಟದ ಕಾಫಿ ತೋಟಕ್ಕೆ ಕೂಲಿಗೆ ಹೋದಳು. ಅಲ್ಲಿ ಬಿಳಿ ದೊರೆಯ ಹೆಂಡತಿ ಮಕ್ಕಳನ್ನು ನೋಡಿಕೊಳ್ಳಲು ಇವಳನ್ನು ಬಂಗಲೆಗೆ ಕರೆದುಕೊಂಡಳು. ದೊರೆ ತೋಟ ಮಾರಿ ತನ್ನ ದೇಶಕ್ಕೆ ಹೊರಟಾಗ ಮಕ್ಕಳು ಇವಳನ್ನು ಬಿಡಲಿಲ್ಲ. ಹಾಗೆ ಹಡಗು ಹತ್ತಿದಳು. ಮಕ್ಕಳು ಬೆಳೆದರು, ಆಯಾ ಬೇಡವಾದಳು. ಆಮೇಲೆ ಲೀಡ್ಸ್ ಎಂಬ ಊರಿನಲ್ಲಿ ಆಸ್ಪತ್ರೆಯೊಂದರ ಬಟ್ಟೆ ಒಗೆಯುವ ಕಡೆ ಸೇರಿಕೊಂಡಳು. ಹಬೆ, ಒದ್ದೆ ಹಾಸಿಗೆಬಟ್ಟೆ, ಮತ್ತೆ ಹಬೆ. ಮದುವೆಯ ಮಾತು ಇಲ್ಲೂ ಆಗಲಿಲ್ಲ, ಅಲ್ಲೂ ಆಗಲಿಲ್ಲ. ಕೆಲಸ ಭದ್ರವಾಗುತ್ತದೆ ಎಂದು ಜೊತೆಯವರು ಹೇಳಿದ್ದಕ್ಕೆ ಆ ದೇಶದ ಪಾಸ್‌ಪೋರ್ಟಿಗೂ ರುಜು ಹಾಕಿದ್ದಳು.

ಅವಳು ಇದ್ದ ಮನೆಗಳೆಲ್ಲ ಬೇರೆಯವರವು. ತಾಯಿಯ ಜೊತೆ ತೋಟದ ಕೂಲಿಯವರ ಲೈನು ಮನೆ, ಆಮೇಲೆ ದೊರೆಯ ಬಂಗಲೆ, ಕೊನೆಗೆ ಸರ್ಕಾರದವರು ಬಾಡಿಗೆಗೆ ಕೊಟ್ಟ ನಾಲ್ಕನೆಯ ಮಹಡಿಯ ಮನೆ. ಇನ್ನು ಉಳಿದ ದಿನಗಳಿಗೆ ತನ್ನ ಹೆಸರಿನದೇ ಒಂದು ಬಾಗಿಲು ಬೇಕು ಅನ್ನಿಸಿತ್ತು. ಬಂದದ್ದು ಅದಕ್ಕೇ.

ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದ ಮಲ್ಲಿಕಾರ್ಜುನಯ್ಯ ತಮ್ಮ ಮನೆಯ ಮೇಲೆ ಒಂದು ಅಂತಸ್ತು ಕಟ್ಟಿಸಿದ್ದರು. ಬಾಡಿಗೆಯವರ ತಂಟೆಯಿಂದ ಬೇಸತ್ತು ಅದನ್ನು ಮಾರಲು ಹೊರಟಿದ್ದರು. ಕೆಳಗೆ ತಾವು, ಮೇಲೆ ಕೊಂಡವರು. ಊರಿಗೆ ಅದು ಹೊಸದು. ಕೊಳ್ಳಲು ಬಂದವರೆಲ್ಲ ನೆಲ ಸಿಗದು ಎಂದು ತಿಳಿದು ವಾಪಸು ಹೋಗಿದ್ದರು.

ಗಿರಿಯಪ್ಪನಿಗೂ ಅದೇ ಅನುಮಾನ. "ಅಕ್ಕ, ನೆಲ ಅವ್ರುದ್ದು. ನಿಂಗೆ ಸಿಗೋದು ಗೋಡೆ, ಸೂರು. ಏನ್ ಕೊಂಡಂಗಾಯ್ತು?"

"ಅಲ್ಲಿ ನಾನಿದ್ದಿದ್ದೂ ಹಂಗೇ ಕಣೋ. ಕೆಳಗೆ ನಾಕು ಸಂಸಾರ, ಮ್ಯಾಲೆ ಇನ್ನೆರಡು. ನೆಲ ಕಟ್ಕೊಂಡು ಈ ವಯಸ್ನಾಗೆ ನಾನೇನು ರಾಗಿ ಬಿತ್ತಬೇಕಾ?"

ಮನೆ ನೋಡಲು ಹೋದ ದಿನ ಮಲ್ಲಿಕಾರ್ಜುನಯ್ಯನವರು ಜಗಲಿಯ ಮೇಲೆ ಕುರ್ಚಿ ಹಾಕಿಸಿದರು. ಓಬಮ್ಮನ ಬಾಯಿಂದ "ಸ್ವಾಮಿ" ಎಂಬ ಮಾತು ತಾನಾಗಿ ಬಂತು. ಅಷ್ಟು ವರ್ಷ ಯಾರನ್ನೂ ಹಾಗೆ ಕರೆದಿರಲಿಲ್ಲ. ಕುರ್ಚಿಯಲ್ಲಿ ಕೂತ ಮೇಲೂ ತಾನೇ ಆಡಿದ ಆ ಮಾತು ಕಿವಿಯಲ್ಲಿತ್ತು. ಮಹಡಿ ಚೆನ್ನಾಗಿತ್ತು. ಎರಡು ಕೋಣೆ, ಅಡುಗೆಮನೆ, ಬೆಳಕು. ಮಾತು ಕುದುರಿತು.

ಪತ್ರ ಬರೆಯುವ ಷಣ್ಮುಖಪ್ಪನ ಅಂಗಡಿ ಸಬ್‌ರಿಜಿಸ್ಟ್ರಾರ್ ಕಚೇರಿಯ ಪಕ್ಕದಲ್ಲೇ ಇತ್ತು. ಅವನು ಗುರುತಿಗೆ ಏನಾದರೂ ಕೊಡಿ ಅಂದ. ಓಬಮ್ಮ ಪಾಸ್‌ಪೋರ್ಟ್ ಕೊಟ್ಟಳು. ಅವನು ತಿರುವಿ ನೋಡಿ, ಪೆನ್ನಿಗೆ ಮುಚ್ಚಳ ಹಾಕಿದ.

"ಅಮ್ಮ, ನೀವು ಫಾರಿನರ್ ಅಲ್ವಾ?"

"ನಾನು ಪಂಚನಹಳ್ಳಿಯೋಳು ಕಣಪ್ಪ."

"ಹುಟ್ಟಿದ್ದು ಪಂಚನಹಳ್ಳಿನೇ. ಆದ್ರೆ ಈ ಪುಸ್ತಕದ ಲೆಕ್ಕದಾಗೆ ನೀವು ಹೊರದೇಶದೋರು. ನಿಮ್ಮೆಸರಿಗೆ ಇಲ್ಲಿ ಮನೆ ಆಗ್ಬೇಕು ಅಂದ್ರೆ ಸರ್ಕಾರದಿಂದ ಅನುಮತಿ ತರಬೇಕು. ಅರ್ಜಿ ಬೊಂಬಾಯಿನ ದೊಡ್ಡ ಸರ್ಕಾರಿ ಬ್ಯಾಂಕಿಗೆ ಹೋಗ್ಬೇಕು."

ಓಬಮ್ಮ ಕೆಂಚಮ್ಮನ ಮುಖ ನೋಡಿದಳು. ಕೆಂಚಮ್ಮ ಅರ್ಜಿ ಹೇಗೆ ಬರೆಯಬೇಕೆಂದು ಕೇಳಿಕೊಂಡಳು.

ಅರ್ಜಿ ಹೋಯಿತು. ಕಾದರು. ಇನ್ನೊಂದು ವಿವರ ಬೇಕೆಂದು ಉತ್ತರ ಬಂತು. ಕೊಟ್ಟು ಮತ್ತೆ ಕಾದರು. ಈ ನಡುವೆ ಓಬಮ್ಮನ ವೀಸಾದ ಅವಧಿ ಕರಗುತ್ತಿತ್ತು. ಅವಧಿ ಹೆಚ್ಚಿಸಿಕೊಳ್ಳಲು ಚಿಕ್ಕಮಗಳೂರಿನ ಪೊಲೀಸ್ ಕಚೇರಿಗೆ ಹೋಗಬೇಕು. ಕಡೂರಿನಲ್ಲಿ ಬಸ್ಸು ಬದಲಿಸುವಾಗ ಪಂಚನಹಳ್ಳಿಯ ಬೋರ್ಡಿನ ಬಸ್ಸು ಎದುರಿಗೇ ನಿಂತಿರುತ್ತಿತ್ತು. ಅವಳು ಅದನ್ನು ಬಿಟ್ಟು, ತಾನು ಹೊರದೇಶದವಳೆಂದು ಹೇಳಿಕೊಳ್ಳುವುದಕ್ಕೆ ಇನ್ನೊಂದು ಬಸ್ಸು ಹತ್ತುತ್ತಿದ್ದಳು.

ಅತ್ತ ಮಲ್ಲಿಕಾರ್ಜುನಯ್ಯನವರ ಮನೆಯಲ್ಲಿ ಗಾರೆ ಕೆಲಸ ಶುರುವಾಗಿತ್ತು. ಮಹಡಿಗೆ ಮೊದಲು ನಡುಮನೆಯಿಂದಲೇ ಮೆಟ್ಟಿಲಿತ್ತು. ಈಗ ಅದರ ಬಾಯಿ ಮುಚ್ಚಿ, ಹಿತ್ತಲ ಕಡೆಯಿಂದ ಹೊಸದಾಗಿ ಕಟ್ಟಿಸುತ್ತಿದ್ದರು. ನೀರಿಗೂ ಬೇರೆ ನಲ್ಲಿ. ಮಂಡಿ ನೋವಿನವಳೆಂದು ಮೆಟ್ಟಿಲು ಗಿಡ್ಡವಾಗಿ ಕಟ್ಟಿಸುತ್ತಿದ್ದಾರೆಂದೇ ಓಬಮ್ಮ ಮೊದಲು ತಿಳಿದಳು. ಕೆಂಚಮ್ಮನೇ ಬಿಡಿಸಿ ಹೇಳಿದಳು.

"ಅದಕ್ಕಲ್ಲ ಅತ್ತೆ. ನಾವು ಅವ್ರ ನಡುಮನೆ ದಾಟಬಾರ್ದು ಅಂತ ಅಯ್ಯನೋರ ಹೆಂಡ್ತಿ ಮಲ್ಲಿಕಾಂಬಮ್ಮೋರು ಹಟ ಹಿಡಿದವ್ರೆ. ಯಜಮಾನ್ರು ಒಪ್ಕೊಂಡ್ರು. ಬ್ಯಾಡ ಬಿಡಿ ಈ ಮನೆ."

ಓಬಮ್ಮ ಮಂಡಿ ನೀವಿಕೊಂಡಳು. ಆಮೇಲೆ, "ಬೇರೆ ಕಡೆ ಹೋದ್ರೆ ನಮ್ಮ ಜನಕ್ಕೆ ಮಾರೋದೇ ಇಲ್ಲ ಕಣೇ. ಇವರು ಮಾರ್ತಾರಲ್ಲ," ಅಂದಳು. ಸಿಟ್ಟು ಬರಬೇಕಿತ್ತು. ಬರಲಿಲ್ಲ. ಸಿಟ್ಟಾಗಲು ಬೇಕಾದ ಕಸುವೂ ಆ ಕಚೇರಿಗಳ ಬೆಂಚುಗಳ ಮೇಲೆ ಕೂತೂ ಕೂತೂ ಖರ್ಚಾಗಿಹೋಗಿತ್ತು.

ಮಳೆಗಾಲ ಕಳೆದರೂ ಅನುಮತಿಯ ಸುದ್ದಿಯಿಲ್ಲ. ಮಲ್ಲಿಕಾರ್ಜುನಯ್ಯನವರು ಹೇಳಿಕಳಿಸಿದರು: ದೀಪಾವಳಿಯ ಒಳಗೆ ರಿಜಿಸ್ಟ್ರಿ ಆಗದಿದ್ದರೆ ಬೇರೆಯವರಿಗೆ ಕೊಡುತ್ತೇನೆ. ಗಿರಿಯಪ್ಪ ಅಜ್ಜಂಪುರದಿಂದ ಬಂದು ಅಕ್ಕನ ಮುಂದೆ ಕುಕ್ಕರಗಾಲಲ್ಲಿ ಕೂತ.

"ಅಕ್ಕ, ಕೆಂಚಿ ಹೆಸರಿಗೆ ಮಾಡ್ಸು. ಅವ್ಳು ಇಲ್ಲಿಯೋಳು, ಯಾರೂ ಕೇಳಲ್ಲ. ಇರೋಳು ನೀನೇ ತಾನೆ?"

"ನನ್ನೆಸರಿಗೆ ಅಂತ ಬಂದಿದ್ನಲ್ಲೋ."

ಕೆಂಚಮ್ಮ ಒಳಗಿನಿಂದಲೇ, "ನಂಗೆ ಬ್ಯಾಡ ಅತ್ತೆ, ನಾಳೆ ಜನ ಅತ್ತೆ ಮನೆ ಹೊಡ್ಕೊಂಡ್ಳು ಅಂತಾರೆ," ಅಂದಳು. ಓಬಮ್ಮನೇ ಅವಳನ್ನು ಸಮಾಧಾನ ಮಾಡಬೇಕಾಯಿತು. ಬೆಳಿಗ್ಗೆ ಎದ್ದವಳು, "ನಡಿ, ಹಂಗೇ ಮಾಡ್ಸೋಣ," ಎಂದಷ್ಟೇ ಹೇಳಿ ಸ್ನಾನಕ್ಕೆ ಹೋದಳು.

ರಿಜಿಸ್ಟ್ರಿಯ ದಿನ ಕೊಂಡವಳ ಜಾಗದಲ್ಲಿ ಕೆಂಚಮ್ಮ ರುಜು ಹಾಕಿದಳು. ಸಾಕ್ಷಿಗೆ ಇನ್ನೊಬ್ಬರು ಬೇಕಾಗಿತ್ತು. ಷಣ್ಮುಖಪ್ಪ ಸುತ್ತ ನೋಡಿ, "ಅಮ್ಮ, ನೀವೇ ಹಾಕ್ಬಿಡಿ, ಸಾಕ್ಷಿಗೆ ಯಾವ ದೇಶದೋರಾದ್ರೂ ಆಗುತ್ತೆ," ಅಂದ. ಓಬಮ್ಮ ತನ್ನ ದುಡಿಮೆಯ ಮನೆಯ ಪತ್ರಕ್ಕೆ ಸಾಕ್ಷಿಯಾಗಿ ಸಹಿ ಮಾಡಿದಳು. ಹೊರಗೆ ಬಂದು ಗಿರಿಯಪ್ಪ ಕೊಡಿಸಿದ ಸೋಡಾ ಕುಡಿದಳು. ಕೆಂಚಮ್ಮ ಬೀಗದ ಕೈ ಅವಳ ಅಂಗೈಯಲ್ಲಿಟ್ಟು ಅತ್ತಳು.

ಅತ್ತೆ ಸೊಸೆ ಮಹಡಿಗೆ ಬಂದು ಸೇರಿದರು. ಕೆಂಚಮ್ಮ ಶಾಲೆಗೆ ಹೋದ ಮೇಲೆ ಓಬಮ್ಮ ಕಿಟಕಿಯ ಬಳಿ ಕೂರುತ್ತಿದ್ದಳು. ಅಂಚೆಯವನು ಮೇಲಿನ ಮನೆಗೆ "ಟೀಚರಮ್ಮಾ" ಎಂದೇ ಕೂಗುತ್ತಿದ್ದ. ಮೊದಮೊದಲು ಆ ಕೂಗು ಚುಚ್ಚುತ್ತಿತ್ತು. ಬರಬರುತ್ತಾ ಅವಳೇ ಓಗೊಡತೊಡಗಿದಳು. ಅನುಮತಿಯ ವಿಚಾರಣೆಗೆ ಆಮೇಲೆ ಯಾರೂ ಹೋಗಲಿಲ್ಲ. ವೀಸಾಕ್ಕೆಂದು ಚಿಕ್ಕಮಗಳೂರಿಗೆ ಹೋಗುವುದು ಮಾತ್ರ ತಪ್ಪಲಿಲ್ಲ.

ಎಂಬತ್ತೆಂಟರ ಚಳಿಗಾಲದಲ್ಲಿ ಒಂದು ಮಧ್ಯಾಹ್ನ ಓಬಮ್ಮ ಚಿಕ್ಕಮಗಳೂರಿನಿಂದ ಬಂದು ಹಿತ್ತಲ ಮೆಟ್ಟಿಲ ಮೇಲೆ ಸುಧಾರಿಸಿಕೊಳ್ಳುತ್ತಾ ಕೂತಿದ್ದಳು. ಮಲ್ಲಿಕಾಂಬ ಬಟ್ಟೆ ಒಣಹಾಕಲು ಬಂದವರು ನೋಡಿದರು.

"ಇಷ್ಟು ದೂರ ಯಾಕೆ ಓಡಾಡ್ತೀರಿ, ಓಬಮ್ಮ?"

"ಇಲ್ಲಿರೋಕೆ ಕೇಳ್ಕೊಂಡು ಬರ್ಬೇಕಲ್ರೀ."

ಮಲ್ಲಿಕಾಂಬ ಬಟ್ಟೆ ಹಿಂಡುತ್ತಾ ನಿಂತರು. "ಒಳಗೆ ಬನ್ನಿ, ಕಾಫಿ ಮಾಡ್ತೀನಿ," ಅಂದರು. ಓಬಮ್ಮ ಎದ್ದು ಒಳಗೆ ಹೋದಳು. ನಡುಮನೆಯ ಚಾಪೆಯ ಮೇಲೆ ಕೂತು ಕಾಫಿ ಕುಡಿದಳು. ಮಲ್ಲಿಕಾಂಬ ಮಂಡಿಗೆ ಯಾವುದೋ ಎಣ್ಣೆಯ ಹೆಸರು ಹೇಳಿದರು. ಸರಿ ಎಂದಳು. ಸಂತೋಷಪಡಬೇಕಾದ ಗಳಿಗೆ ಇದು ಎಂದು ಅವಳಿಗೂ ಗೊತ್ತಿತ್ತು. ಆದರೆ ಕಣ್ಣು ಎಳೆಯುತ್ತಿದ್ದವು. ಲೋಟ ತೊಳೆಯಲು ಎದ್ದಾಗ ಮಲ್ಲಿಕಾಂಬ ಬೇಡ ಎಂದು ಕೈಯಿಂದ ತೆಗೆದುಕೊಂಡರು. ಓಬಮ್ಮ ಹೊರಗೆ ಬಂದು, ಗೋಡೆ ಹಿಡಿದುಕೊಂಡು ನಿಧಾನವಾಗಿ ಮೇಲೆ ಹತ್ತಿ ಹೋಗಿ ಮಲಗಿದಳು.